ಪುರವೀಥಿಯಲ್ಲಿ ಯಾರು ನಡೆಯುತ್ತಾರೆ?

ಪಂಪನ ಬನವಾಸಿಯಲ್ಲಿ ಬೀದಿಗಳಿಲ್ಲ. 941ರಲ್ಲಿ ಮುಗಿದ 'ವಿಕ್ರಮಾರ್ಜುನ ವಿಜಯ'ದ ನಾಲ್ಕನೆಯ ಆಶ್ವಾಸವನ್ನು ಎಷ್ಟು ಸಲ ಓದಿದರೂ ನನಗೆ ಎದ್ದು ಕಾಣುವುದು ಇದು. ತೀರ್ಥಯಾತ್ರೆ ಹೊರಟ ಅರ್ಜುನ ಬನವಾಸಿ ದೇಶವನ್ನು ಕಂಡು ಮುಂದೆ ದ್ವಾರಾವತಿಗೆ ಹೋಗುತ್ತಾನೆ. ಬನವಾಸಿ ಪಂಪನೇ ಹಂಬಲಿಸಿದ ನಾಡು, ದ್ವಾರಾವತಿ ಪುರಾಣದ ಪಟ್ಟಣ. ಆದರೆ ಬೀದಿ, ಬೆಳುದಿಂಗಳು, ಇರುಳಿನ ತಿರುಗಾಟ ಇವೆಲ್ಲ ಸಿಕ್ಕಿದ್ದು ದ್ವಾರಾವತಿಗೆ.

ಎಲ್ಲರ ಬಾಯಲ್ಲಿರುವ ಬನವಾಸಿಯ ಆ ಪದ್ಯವನ್ನು ಪಟ್ಟಿ ಮಾಡಿ ನೋಡಿ. ತೆಂಕಣ ಗಾಳಿ ಮೈಗೆ, ಒಳ್ಳೆಯ ಮಾತು ಕಿವಿಗೆ, ಹಾಡೂ ಕಿವಿಗೇ. ಕಣ್ಣಿಗೆ ಎಂದು ಹೆಸರಿಟ್ಟು ಕೊಟ್ಟದ್ದು ಬಿರಿದ ಮಲ್ಲಿಗೆಯನ್ನು ಮಾತ್ರ. ಅಲ್ಲಿ ದುಂಬಿಯಾಗಿಯೋ ಕೋಗಿಲೆಯಾಗಿಯೋ ಹುಟ್ಟಿಬರಬೇಕೆಂಬ ಆಸೆಯೂ ತೋಟದ್ದೇ, ಅರಮನೆಯದಲ್ಲ. ತವರನ್ನು ನೆನೆಸಿಕೊಳ್ಳುವವರು ಊರಿನ ನಕ್ಷೆ ಬರೆಯುವುದಿಲ್ಲವಲ್ಲ.

ದ್ವಾರಾವತಿಯಲ್ಲಿ ಹಾಗಲ್ಲ. ಸುಭದ್ರೆಯನ್ನು ಕಂಡು ಮನಸ್ಸು ಕೆಟ್ಟ ಅರ್ಜುನನಿಗೆ ಕೂತಲ್ಲಿ ಕೂರಲಾಗದು. ಹೊತ್ತು ಮುಳುಗುತ್ತದೆ, ಚಂದ್ರ ಹುಟ್ಟುತ್ತಾನೆ, ಅವನು ಸೂಳೆಗೇರಿಯ ನಡುವೆ ಹಾದು, ಕುಡಿಯುವವರ ಗೋಷ್ಠಿಯನ್ನು ನೋಡುತ್ತ, ಅವರಿವರ ಮಾತು ಕೇಳಿಸಿಕೊಳ್ಳುತ್ತ ನಡೆಯುತ್ತಾನೆ. ನಗರ, ಚಂದ್ರೋದಯ, ಮಧುಪಾನ, ವಿರಹ ಎಲ್ಲ ಅಷ್ಟಾದಶ ವರ್ಣನೆಗಳ ಪಟ್ಟಿಯಲ್ಲಿ ಇರುವಂಥವೇ. ಪರೀಕ್ಷೆಗೆ ಓದುವವರು 'ವರ್ಣನಾ ಭಾಗ' ಎಂದು ಬರೆದು ಹಾಳೆ ತಿರುವಿಬಿಡುತ್ತಾರೆ. ಅದು ಅನ್ಯಾಯ. ಪಂಪ ಪಟ್ಟಿ ತುಂಬಿಸುತ್ತಿಲ್ಲ, ದಾರಿ ಹಾಕುತ್ತಿದ್ದಾನೆ. ಒಂದು ನೋಟದಿಂದ ಇನ್ನೊಂದಕ್ಕೆ ಹೋದ ಹಾಗೆ ಅರ್ಜುನನ ತಳಮಳ ಹೆಚ್ಚುತ್ತದೆ. ಬೇರೆಯವರ ಸುಖ, ಜಗಳ, ಅಮಲು ಎಲ್ಲ ಅವನಿಗೆ ತನ್ನಲ್ಲಿಲ್ಲದ್ದನ್ನೇ ನೆನಪಿಸುತ್ತದೆ. ಊರು ನೋಡುವ ದಾರಿಯನ್ನು ನೋಡುವವನ ಮನಸ್ಸಿನಿಂದ ಎಳೆದದ್ದಕ್ಕೆ ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಹಾಗಿದ್ದೂ ಆ ಬೀದಿಯಲ್ಲಿ ಒಂದು ಏರ್ಪಾಡು ಇದೆ. ನಡೆಯುವವನು ಗಂಡು. ಅವನನ್ನು ಯಾರೂ ತಡೆಯುವುದಿಲ್ಲ, ಎಲ್ಲಿಗೆ ಎಂದು ಕೇಳುವುದಿಲ್ಲ. ಬೆಳಕಿನಲ್ಲಿ ನಿಂತವರು ಹೆಂಗಸರು, ನೋಡಿಸಿಕೊಳ್ಳುವುದೇ ಅವರ ಬದುಕು. ಅಭಿಸಾರಿಕೆ ಇಲ್ಲವೇ, ಅವಳೂ ಇರುಳಲ್ಲಿ ನಡೆಯುತ್ತಾಳಲ್ಲ ಎಂದು ಕಾವ್ಯ ಬಲ್ಲವರು ಕೇಳಬಹುದು. ನಡೆಯುತ್ತಾಳೆ, ಕತ್ತಲೆಗೆ ಕಪ್ಪು ಉಟ್ಟು, ಬೆಳುದಿಂಗಳಿಗೆ ಬಿಳಿ ಉಟ್ಟು, ಯಾರಿಗೂ ಕಾಣದ ಹಾಗೆ.

ಇದೇ ಬೀದಿಯನ್ನು ಹರಿಹರ ಬಾಗಿಲ ಕಡೆಯಿಂದ ನೋಡಿದ. ಅವನ 'ಮಹಾದೇವಿಯಕ್ಕನ ರಗಳೆ' ನಡೆಯುವುದು ಉಡುತಡಿಯಲ್ಲಿ. ಅದು ಇಂದಿನ ಶಿಕಾರಿಪುರ ತಾಲ್ಲೂಕಿನ ಊರು. ಅರಸ ಕೌಶಿಕನ ಸವಾರಿ ಬೀದಿಯಲ್ಲಿ ಬರುತ್ತದೆ, ಅವನ ಕಣ್ಣಿಗೆ ಮಹಾದೇವಿ ಬೀಳುತ್ತಾಳೆ. ಪಂಪನಲ್ಲಿ ವರ್ಣನೆಯಾಗಿದ್ದದ್ದು ಇಲ್ಲಿ ವಿಪತ್ತು. ಒತ್ತಾಯ, ಕರಾರು, ಅರಮನೆ, ಕರಾರು ಮುರಿದದ್ದು, ಎಲ್ಲ ಬಿಟ್ಟು ಶ್ರೀಶೈಲದ ಕಡೆಗೆ ಹೊರಟದ್ದು, ಎಲ್ಲವೂ ಆ ಒಂದು ನೋಟದ ಮುಂದಿನ ಭಾಗ. ಕೊನೆಗೆ ನಡೆಯುವವಳು ಅವಳೇ, ಆದರೆ ಆ ದಾರಿ ಊರಿನಿಂದ ಹೊರಕ್ಕೆ. ಕಾವ್ಯಗುಣದಲ್ಲಿ ಪಂಪನೇ ಮೇಲು ಎಂದು ವಾದಿಸುವವರ ಜೊತೆ ನಾನು ಜಗಳಕ್ಕೆ ಹೋಗುವುದಿಲ್ಲ. ಅರ್ಜುನನ ತಿರುಗಾಟವನ್ನು ಮಾತ್ರ ಹರಿಹರನನ್ನು ಓದಿದ ಮೇಲೆ ಮೊದಲಿನ ಹಾಗೆ ಓದಲು ನನಗಾಗಲಿಲ್ಲ.

ಈ ಪಠ್ಯಗಳನ್ನು ಪಾಠ ಮಾಡುವುದರಿಂದ, ಬನವಾಸಿಯ ಕದಂಬೋತ್ಸವಕ್ಕೆ ಹೋಗುವ ವಿದ್ಯಾರ್ಥಿಗಳು ದಾರಿ ಕೇಳಲು ನನ್ನ ಬಳಿ ಬರುತ್ತಾರೆ. ಶಿಕಾರಿಪುರ, ಸೊರಬದ ನಮಗೆ ನದಿ ದಂಡೆಯ ದೀಪದ ಊರೆಂದರೆ ಆ ದಿನಗಳ ಬನವಾಸಿ. ತಾಲ್ಲೂಕು ಶಿರಸಿಯಾದರೂ ಸೊರಬದ ಗಡಿಗೆ ಅಂಟಿಕೊಂಡಿದೆ, ವರದೆ ಮೂರು ಕಡೆ ಬಳಸಿದ್ದಾಳೆ. ಪಂಪ ಪ್ರಶಸ್ತಿ ಕೊಡುವುದೂ ಅದೇ ಉತ್ಸವದ ವೇದಿಕೆಯಲ್ಲಿ. ನಾನು ಹೇಳುವ ದಾರಿ ಹೀಗೆ: ಬಿಸಿಲು ಓರೆಯಾಗುವ ಹೊತ್ತಿಗೆ ತಾಳಗುಂದ. ಕುಬ್ಜ ಕವಿಯ ಕಂಬದ ಅಕ್ಷರಗಳು ಅಡ್ಡ ಬೆಳಕಿಗೆ ಎದ್ದು ಕಾಣುತ್ತವೆ, ನಡು ಮಧ್ಯಾಹ್ನ ಹೋದರೆ ಬರೀ ಕಲ್ಲು. ಅಲ್ಲಿಂದ ಬಳ್ಳಿಗಾವಿ, 1047ರ ಭೇರುಂಡ ಕಂಬ, ಕೇದಾರೇಶ್ವರ. ಬಳ್ಳಿಗಾವಿಯಲ್ಲಿ ಅವಸರ ಬೇಡ. ಹರಿಹರ ಅಲ್ಲಮನ ಕಥೆಯನ್ನು ನಡೆಸಿದ್ದು ಇದೇ ಊರಲ್ಲಿ. ಆನವಟ್ಟಿ ದಾಟಿ ಬನವಾಸಿ ಸೇರುವಾಗ ಕತ್ತಲಾಗಿರುತ್ತದೆ. ಮಧುಕೇಶ್ವರ, ರಥಬೀದಿ, ಕೊನೆಗೆ ವರದೆ.

ಬಣ್ಣದ ಲೈಟಿನ ಬಗ್ಗೆ ನನಗೆ ತಕರಾರಿದೆ. ಒಂದು ಕಾಲಕ್ಕೆ ಈ ಸೀಮೆಯಲ್ಲಿ ಗುಡಿಯ ನಂದಾದೀವಿಗೆಗೆ ಎಣ್ಣೆ ಬಿಟ್ಟವರ ದತ್ತಿಯನ್ನು ಕಲ್ಲಿನಲ್ಲಿ ಕೆತ್ತಿಸುತ್ತಿದ್ದರು. ಬೆಳಕಿಗೆ ಅಳತೆಯಿತ್ತು, ಕೊಟ್ಟವರ ಹೆಸರಿತ್ತು. ಈಗ ನೇರಳೆ, ಹಸಿರು ಬೆಳಕು ಗೋಡೆಗೆ ಬಡಿದರೆ ಕೆತ್ತನೆಯ ಆಳವೇ ಅಳಿಸಿಹೋಗುತ್ತದೆ. ಸಾಲದ್ದಕ್ಕೆ ಧ್ವನಿವರ್ಧಕ. ಕಿವಿಗೆ ಕೊಟ್ಟ ಊರನ್ನು ಹೀಗೆ ಕಣ್ಣಿಗೆ ಮಾರುವುದನ್ನು ಕಂಡಾಗ ಪಂಪನ ಮಲ್ಲಿಗೆ ನೆನಪಾಗುತ್ತದೆ.

ಆದರೆ ನನ್ನ ತಕರಾರನ್ನು ವಿದ್ಯಾರ್ಥಿನಿಯರ ಮುಂದಿಟ್ಟಾಗ ಅವರಲ್ಲೊಬ್ಬಳು, "ಸರ್, ಲೈಟ್ ಇದ್ರೇನೇ ನಮ್ಗೆ ಅಲ್ಲಿ ಓಡಾಡಕ್ಕಾಗದು" ಎಂದಳು. ಅರ್ಜುನನಿಗೆ ಈ ಲೆಕ್ಕ ಇರಲಿಲ್ಲ. ಹುಡುಗರ ತಂಡ ದಾರಿ ಹಾಕುವುದು ತಾಳಗುಂದದಿಂದ. ಹುಡುಗಿಯರು ಹಾಕಿದ್ದು ಕೊನೆಯಿಂದ: ಹಾಸ್ಟೆಲಿನ ಗೇಟು ಮುಚ್ಚುವ ಹೊತ್ತು, ಅದಕ್ಕೆ ಮೊದಲು ಗಾಡಿ, ಗಾಡಿ ನಿಲ್ಲುವ ಬೆಳಕಿನ ಜಾಗ, ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಬೀದಿ, ಗುಡಿ, ಕಂಬ. ವರದೆಯ ದಂಡೆಗೆ ಉಳಿದದ್ದು ಇಪ್ಪತ್ತು ನಿಮಿಷ. ಅದನ್ನೂ ಅವರು ಮೊದಲು ಹೊಡೆದುಹಾಕಿ, ಆಮೇಲೆ ಬಳ್ಳಿಗಾವಿಯಲ್ಲಿ ಚಾ ಕುಡಿಯುವುದನ್ನು ಬಿಟ್ಟು, ಮತ್ತೆ ಬರೆದುಕೊಂಡರು.