ಲೆಕ್ಕದ ಬುಕ್ಕು ಯಾರ ಕೈಯಾಗ ಐತಿ?

ಊರಿನ ಸಂಘ-ಸಂಸ್ಥೆಗಳನ್ನು ‘ಬಲಪಡಿಸೋದು’ ಈಗ ಒಂದು ಉದ್ಯೋಗ. ಬೆಂಗಳೂರಿನಿಂದಲೋ ಪುಣೆಯಿಂದಲೋ ಸಲಹೆಗಾರರು ಬರ್ತಾರೆ. ಎರಡು ದಿನ ಕಾರ್ಯಾಗಾರ. ಬಣ್ಣದ ಚೀಟಿಗಳನ್ನು ಗೋಡೆಗೆ ಅಂಟಿಸಿ, ನಿಮ್ಮ ಸಂಘದ ಕನಸೇನು, ಗುರಿಯೇನು ಅಂತ ಕೇಳ್ತಾರೆ. ಕೊನೆಗೆ ಗ್ರೂಪ್ ಫೋಟೊ, ಆಮೇಲೆ ಇಂಗ್ಲಿಷಿನಲ್ಲಿ ಒಂದು ದಪ್ಪ ವರದಿ. ಅದನ್ನು ಓದೋರು ದುಡ್ಡು ಕೊಟ್ಟ ಕಂಪನಿಯವರು, ಸಂಘದವರಲ್ಲ.

ಇವರೆಲ್ಲ ಕೆಲಸಕ್ಕೆ ಬಾರದವರು ಅಂತ ನಾನು ಹೇಳ್ತಿಲ್ಲ. ನೋಂದಣಿ, ಆಡಿಟ್, 12ಎ, 80ಜಿ ಅಂತ ಓಡಾಡುವಾಗ ಗೊತ್ತಿದ್ದವರೊಬ್ಬರು ಜೊತೆಗಿದ್ದರೆ ಎಷ್ಟೋ ಉಪಕಾರ. ನನ್ನ ತಕರಾರು ಬೇರೆ. ಬಲ ಬಂತು ಅಂತೀರಲ್ಲ, ಅದು ಯಾರ ಕೈಗೆ ಬಂತು?

ಆಲಮಟ್ಟಿ ಸುತ್ತಮುತ್ತ ಈ ಪ್ರಶ್ನೆಗೆ ತೂಕ ಜಾಸ್ತಿ. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಇಲ್ಲಿ ಅಣೆಕಟ್ಟಿಗೆ ಅಡಿಗಲ್ಲು ಹಾಕಿದರು. ಆಗ ಅವರಿನ್ನೂ ಪ್ರಧಾನಿ ಆಗಿರಲಿಲ್ಲ. ಇವತ್ತು 519.60 ಮೀಟರಿಗೆ ನೀರು ನಿಂತರೆ ಸುಮಾರು 123 ಟಿಎಂಸಿ. ಆ ನೀರಿನ ಕೆಳಗೆ ಊರುಗಳಿವೆ. ಊರು ಎಬ್ಬಿಸುವಾಗ ಮನೆ ಎಣಿಸಿದರು, ಬಾವಿ ಎಣಿಸಿದರು, ಗಿಡ ಎಣಿಸಿದರು. ಆದರೆ ಊರಿನ ಭಜನಾ ಮಂಡಳಿ, ಗರಡಿಮನೆ, ಮೊಹರಂನಲ್ಲಿ ಹೆಜ್ಜೆಮೇಳ ಕಟ್ಟುವ ಹುಡುಗರ ತಂಡ, ಹೆಣ್ಣುಮಕ್ಕಳ ಭಿಶಿ, ಇವಕ್ಕೆ ಪರಿಹಾರ ಎಷ್ಟು ಅಂತ ಬರೆಯೋಕೆ ಯಾವ ಕಾಲಂ ಇರುತ್ತೆ ಹೇಳಿ? ಒಂದೇ ಓಣಿಯವರು ಬೇರೆ ಬೇರೆ ಕಡೆ ಹೋದರೆ ಇಂಥವೇ ಮೊದಲು ಒಡೆಯೋದು. ಕೃಷ್ಣಾ ಮೇಲ್ದಂಡೆ ಯೋಜನೆಗೆ ಸಾಲ ಕೊಟ್ಟ ವಿಶ್ವಬ್ಯಾಂಕೇ 1990ರ ದಶಕದಲ್ಲಿ, ಪುನರ್ವಸತಿ ಸರಿಯಾಗಿಲ್ಲ ಅಂತ ಹಣ ತಡೆಹಿಡಿದಿತ್ತು.

ಇಂಥ ಊರಿಗೆ ಬಂದು “ನಿಮ್ಮಲ್ಲಿ ಸಂಘಟನೆ ಇಲ್ಲ, ಕಲಿಸ್ತೀವಿ” ಅಂದರೆ ಹ್ಯಾಂಗ? ಸಂಘಟನೆ ಇತ್ತು. ಗಣೇಶನ ಪಟ್ಟಿ ಎತ್ತಿ, ಪೆಂಡಾಲು ಹಾಕಿಸಿ, ಖರ್ಚಿನ ಲೆಕ್ಕವನ್ನು ಗುಡಿಯ ಕಟ್ಟೆಯ ಮೇಲೆ ಎಲ್ಲರೆದುರು ಓದುವ ಹುಡುಗರಿಗೆ ಹಣದ ಶಿಸ್ತು ಗೊತ್ತಿಲ್ಲವೇ? ತಪ್ಪಿದರೆ “ಏನಪಾ, ನೂರು ರೂಪಾಯಿ ಎಲ್ಲಿ ಹೋತು?” ಅಂತ ಕೇಳುವ ಅಜ್ಜ ಅಲ್ಲೇ ಕೂತಿರ್ತಾನೆ. ಅದಕ್ಕಿಂತ ದೊಡ್ಡ ಆಡಿಟ್ ಯಾವುದು?

ಈ ಕೆಲಸವನ್ನು ಸರಿಯಾಗಿ ಮಾಡಿದ ಉದಾಹರಣೆ ಕರ್ನಾಟಕದಲ್ಲೇ ಇದೆ. 1968ರಲ್ಲಿ ಹುಟ್ಟಿದ ಮೈರಾಡ ಮೊದಲು ಟಿಬೆಟ್ ನಿರಾಶ್ರಿತರ ಪುನರ್ವಸತಿ ಮಾಡಿತು. ಮುಂದೆ ಕೃಷ್ಣಾ ಮೇಲ್ದಂಡೆಯ ಪುನರ್ವಸತಿಯಲ್ಲೂ ದುಡಿಯಿತು. 1980ರ ದಶಕದ ನಡುವಿನಲ್ಲಿ ಅದು ಬೆಳೆಸಿದ್ದ ದೊಡ್ಡ ಸಹಕಾರ ಸಂಘಗಳು ಒಡೆದವು. ಸಾಲ ತೀರಿಸಬೇಕಾದ ಜನ ಬಂದು, ಸಹಕಾರ ಸಂಘಕ್ಕೆ ಕಟ್ಟಲ್ಲ, ಬೇಕಾದರೆ ನಿಮಗೇ ಕಟ್ತೀವಿ ಅಂದರು. ಮೈರಾಡ ಆ ದುಡ್ಡು ಇಸ್ಕೊಳ್ಳಲಿಲ್ಲ. ನಿಮ್ಮನಿಮ್ಮಲ್ಲೇ ತೀರಿಸಿಕೊಳ್ಳಿ ಅಂದಿತು. ಪರಸ್ಪರ ನಂಬಿಕೆ ಇದ್ದವರ ಸಣ್ಣ ಗುಂಪುಗಳು ಹಾಗೆ ಬೆಳೆದವು. ನಬಾರ್ಡ್ 1987ರಲ್ಲಿ ಆ ಪ್ರಯೋಗಕ್ಕೆ ಹಣ ಕೊಟ್ಟಿತು; 1992ರಲ್ಲಿ ದೇಶದಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಯೋಜನೆ ಶುರುವಾಯಿತು. ಇವತ್ತು ಊರೂರಲ್ಲಿ ಕಾಣುವ ಸ್ವಸಹಾಯ ಸಂಘಗಳ ಬೇರು ಅಲ್ಲಿದೆ. ಆಮೇಲೆ ಸಂಘಗಳೇ ಶುಲ್ಕ ಕೊಟ್ಟು ನಡೆಸುವ ಸಂಪನ್ಮೂಲ ಕೇಂದ್ರಗಳೂ ಬಂದವು. ಅಂದರೆ ಸಲಹೆಗೆ ದುಡ್ಡು ಕೊಡೋರು ಸಂಘದವರೇ. ಸಲಹೆ ಸರಿಯಿಲ್ಲ ಅಂದರೆ ಕೊಡಲ್ಲ, ಅಷ್ಟೇ. ಕೊಡೋ ಕೈ ಬದಲಾದ ಕೂಡಲೇ ಮಾತಾಡೋ ಭಾಷೆಯೂ ಬದಲಾಗುತ್ತೆ.

ನಮ್ಮ ಸಾಫ್ಟ್‌ವೇರ್ ಮಂದಿ ‘ಬಸ್ ಫ್ಯಾಕ್ಟರ್’ ಅಂತ ಒಂದು ಮಾತು ಹೇಳ್ತಾರೆ. ತಂಡದಲ್ಲಿ ಎಷ್ಟು ಜನ ಬಸ್ಸಿನಡಿ ಸಿಕ್ಕರೆ ಪ್ರಾಜೆಕ್ಟ್ ನಿಂತುಹೋಗುತ್ತೆ ಅನ್ನೋ ಲೆಕ್ಕ. ಉತ್ತರ ‘ಒಬ್ಬ’ ಅಂತಾದರೆ ಮ್ಯಾನೇಜರಿಗೆ ನಿದ್ದೆ ಬರಲ್ಲ. ಅದಕ್ಕೇ ಕೆಲಸ ಬಿಟ್ಟು ಹೋಗುವವನಿಂದ ವಾರಗಟ್ಟಲೆ ‘ಕೆಟಿ’ ತಗೋತಾರೆ. ಕಲಿತವನು ತಾನೇ ಮಾಡಿ ತೋರಿಸಬೇಕು. ಇದೇ ಪರೀಕ್ಷೆಯನ್ನು ಸಂಘಗಳ ಸಲಹೆಗಾರರಿಗೆ ಇಡೋಣ. ಅವರು ಹೋದ ಆರು ತಿಂಗಳಿಗೆ ಊರಿನ ಹುಡುಗಿಯೊಬ್ಬಳು ಲೆಕ್ಕದ ಬುಕ್ಕು ತಾನೇ ಬರೀತಾಳಾ? ಮುಂದಿನ ಅರ್ಜಿಯನ್ನು ಸಂಘದವರೇ ತಯಾರಿಸ್ತಾರಾ? ಇಲ್ಲ ಅಂದರೆ ಬಲ ಬಂದಿದ್ದು ಸಲಹೆಗಾರರಿಗೆ ಮಾತ್ರ.

ಪೂರ್ತಿ ತಪ್ಪು ಅವರದಲ್ಲ. ದೊಡ್ಡ ಕಂಪನಿಗಳು ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು ಅನ್ನೋ ಕಾನೂನು 2014ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಕೊಡುವವರಿಗೆ ಬೇಗ ಕಾಣುವ ಫಲ ಬೇಕು. ಎಷ್ಟು ಯುವಕರು, ಎಷ್ಟು ಪ್ರಮಾಣಪತ್ರ? ಇನ್ನು ವಿದೇಶಿ ದೇಣಿಗೆಯಲ್ಲಿ ಆಡಳಿತ ಖರ್ಚಿನ ಮಿತಿಯನ್ನು 2020ರ ತಿದ್ದುಪಡಿ ಶೇ. 50ರಿಂದ 20ಕ್ಕೆ ಇಳಿಸಿತು. ಆ ಹಣವನ್ನು ದೊಡ್ಡ ಸಂಸ್ಥೆ ಸಣ್ಣ ಸಂಸ್ಥೆಗೆ ದಾಟಿಸೋದನ್ನೂ ನಿಲ್ಲಿಸಿತು. ಹೀಗಾಗಿ ‘ಸಂಸ್ಥೆ ಗಟ್ಟಿಯಾಗಲಿ’ ಅಂತ ಕಾರ್ಯಾಗಾರಕ್ಕೆ ದುಡ್ಡು ಸಿಗುತ್ತೆ, ಗಟ್ಟಿಯಾಗೋಕೆ ಬೇಕಾದ ಗುಮಾಸ್ತನ ಸಂಬಳಕ್ಕೆ ಸಿಗಲ್ಲ. ಈಜು ಕಲಿಸೋಕೆ ಮಾಸ್ತರರನ್ನು ಕಳಿಸಿ, ಕೆರೆಗೆ ಬೀಗ ಹಾಕಿದ ಹಾಗೆ.

ಯುವಕರ ತರಬೇತಿಗೂ ಇದೇ ಅಳತೆ. ಹುಬ್ಬಳ್ಳಿಯ ದೇಶಪಾಂಡೆ ಫೌಂಡೇಶನ್‌ನ ‘ಲೀಡ್’ನಲ್ಲಿ ವಿದ್ಯಾರ್ಥಿಯೇ ಒಂದು ಸಮಸ್ಯೆ ಹುಡುಕಿ, ಸಣ್ಣ ಯೋಜನೆ ಮಾಡಿ ತೋರಿಸಬೇಕು. ಆ ದಾರಿ ನನಗೆ ಹಿಡಿಸುತ್ತೆ, ಯಾಕಂದರೆ ಕೆಲಸ ಹುಡುಗನ ಕೈಯಲ್ಲಿರುತ್ತೆ. ಪಿಯುಸಿ ಮುಗಿಸಿ ಧಾರವಾಡದ ಕೋಚಿಂಗಿಗೆ ಹೋಗೋದಾ, ಗೋವಾಕ್ಕೆ ದುಡಿಯೋಕೆ ಹೋಗೋದಾ ಅಂತ ಕುಂತ ಹುಡುಗನಿಗೆ ‘ನಾಯಕತ್ವದ ಐದು ಗುಣಗಳು’ ಅನ್ನೋ ಸ್ಲೈಡ್ ಏನು ಮಾಡೀತು?

ಆದ್ದರಿಂದ ಸಂಘದವರಿಗೆ ನನ್ನದೊಂದು ವಿನಂತಿ. ಮುಂದಿನ ಸಲ ಯಾರಾದರೂ ನಿಮ್ಮನ್ನು ಬಲಪಡಿಸೋಕೆ ಬಂದರೆ ಚಹಾ ಕೊಡಿ, ಕೂಡಿಸಿ, ಮೂರು ಮಾತು ಕೇಳಿ. ವರದಿ ಕನ್ನಡದಾಗ ಕೊಡ್ತೀರೇನ್ರಿ? ನಿಮ್ಮ ಕೆಲಸಕ್ಕ ಮಾರ್ಕ್ಸ್ ಹಾಕೋರು ನಾವೋ, ದುಡ್ಡು ಕೊಟ್ಟವರೋ? ನೀವು ಯಾವ ತಾರೀಖಿಗೆ ಹೋಗ್ತೀರಿ, ಅಷ್ಟರಾಗ ನಮ್ಮ ಪೈಕಿ ಯಾರು ಯಾರು ಏನೇನು ಕಲಿತಿರ್ತಾರ? ಮೂರಕ್ಕೂ ನೇರ ಉತ್ತರ ಕೊಟ್ಟವರಿಗೆ ಬುಕ್ಕು ತೆರೆದು ತೋರಿಸಿ. ಪೆನ್ನು ಮಾತ್ರ ನಿಮ್ಮ ಕೈಯಲ್ಲೇ ಇರಲಿ.