ಕುದಿತಾಪ ಹಿಡಿಯುವ ಗಾಜು

ಹೈದರಾಬಾದಿನಲ್ಲಿ ನೀರು ನೂರು ಡಿಗ್ರಿ ಮುಟ್ಟುವ ಮೊದಲೇ, ಸುಮಾರು 98 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಊರು ಸಮುದ್ರಮಟ್ಟದಿಂದ 500 ಮೀಟರಿಗೂ ಎತ್ತರದಲ್ಲಿದೆ. ಗಾಳಿಯ ಒತ್ತಡ 95 ಕಿಲೊಪಾಸ್ಕಲ್ ಆಸುಪಾಸು. ತಾರ್ನಾಕದ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ ಪ್ರಕಟಿಸಿದ ದ್ರವಮಿಶ್ರಣಗಳ ಕುದಿತಾಪದ ಹಲವು ಕೋಷ್ಟಕಗಳಲ್ಲಿ ಇದೇ ಸ್ಥಳೀಯ ಒತ್ತಡ ಕಾಣುತ್ತದೆ. ಒತ್ತಡ ಹೇಳದ ಕುದಿತಾಪಕ್ಕೆ ಅರ್ಥವಿಲ್ಲ.

ಮಿಶ್ರಣದ ಕುದಿತಾಪ ಸುಲಭಕ್ಕೆ ಸಿಗುವುದಿಲ್ಲ. ತೆರೆದ ಪಾತ್ರೆಯಲ್ಲಿ ಬೇಗ ಆವಿಯಾಗುವ ಘಟಕ ಮೊದಲು ಹೊರಟುಹೋಗುತ್ತದೆ, ಉಳಿದ ದ್ರವದ ತಾಪ ಏರುತ್ತಲೇ ಇರುತ್ತದೆ. ಇನ್ನೊಂದು ತೊಡಕು, ಗುಳ್ಳೆ ಏಳುವ ಮುನ್ನವೇ ದ್ರವ ಕುದಿಬಿಂದುವನ್ನು ದಾಟಿ ಬಿಸಿಯಾಗುವುದು.

ಪೋಲೆಂಡಿನ ರಸಾಯನವಿಜ್ಞಾನಿ ವೊಯ್ಚೆಕ್ ಶ್ವೆಂಟೊಸ್ವಾಫ್‌ಸ್ಕಿ ರೂಪಿಸಿದ, ಕುದಿತಾಪ ಅಳೆಯುವ ಎಬುಲಿಯೋಮೀಟರ್ ಈ ಎರಡು ತೊಡಕುಗಳನ್ನೂ ಗಾಜಿನ ತಿರುವುಗಳಲ್ಲೇ ಬಗೆಹರಿಸುತ್ತದೆ. ಹೈದರಾಬಾದಿನ ಆ ಅಳತೆಗಳಿಗೂ ಇದೇ ಮಾದರಿ ನೆರವಾಗಿದೆ. ತೂಗಿ ಬೆರೆಸಿದ ದ್ರವ ಕೆಳಗೆ ಕುದಿದಾಗ, ಗುಳ್ಳೆಗಳು ದ್ರವವನ್ನು ಹೊತ್ತು ಕಿರಿದಾದ ಕೊಳವೆಯಲ್ಲಿ ಮೇಲೇರುತ್ತವೆ. ಏರುವ ದಾರಿಯಲ್ಲೇ ಹೆಚ್ಚುವರಿ ಬಿಸಿ ದ್ರವವನ್ನು ಆವಿಯಾಗಿಸುತ್ತ ಕಳೆಯುತ್ತದೆ. ದ್ರವ, ಆವಿ ಎರಡೂ ಒಟ್ಟಿಗೆ ತಾಪಮಾಪಕದ ಗೂಡಿನ ಮೇಲೆ ಚಿಮ್ಮುತ್ತವೆ. ಮೇಲಿನ ಕಂಡೆನ್ಸರ್ ಆವಿಯನ್ನು ತಣಿಸಿ ಹನಿಹನಿಯಾಗಿ ಕೆಳಗಿಳಿಸುವುದರಿಂದ ಮಿಶ್ರಣದ ಪ್ರಮಾಣ ಹೆಚ್ಚುಕಡಿಮೆ ಕದಲುವುದಿಲ್ಲ. ಆ ಹನಿಗಳ ಲಯ ಒಂದೇ ಸಮನಾದಾಗ ಕಾಣುವ ನೆಮ್ಮದಿಯ ಓಟ ನಿಜಕ್ಕೂ ಚೆಲುವು. ತಾಪದ ಅಂಕಿ ನಿಂತ ಮೇಲಷ್ಟೇ ಬರೆದುಕೊಳ್ಳಬೇಕು. ಆಮೇಲೆ ಇನ್ನೊಂದು ಪ್ರಮಾಣದ ಮಿಶ್ರಣ, ಮತ್ತದೇ ಕಾಯುವಿಕೆ.