ಅಗ್ಗದ ಕೋವಿಯ ಸೊಗಸು
ಅಮೆರಿಕದ ಪಶ್ಚಿಮದ ಬಯಲುಗಳಲ್ಲಿ ಕುರಿಮರಿಗಳನ್ನು ಕೊಂದೊಯ್ಯುವ ಕಯೋಟಿಯೆಂಬ, ನಮ್ಮ ನರಿಗೆ ದಾಯಾದಿಯಾದ ಮೃಗಕ್ಕೆ ದೂರದಿಂದಲೇ ಗುರಿಯಿಡಬೇಕಾದ ಕುರಿಗಾಹಿಗೆ, ಸಿರಿವಂತರ ಚಿತ್ತಾರದ ಕೋವಿಗಿಂತ ಸ್ಯಾವೇಜ್ 110 ಎಂಬ ಅಲ್ಪಮೌಲ್ಯದ ಬೋಲ್ಟ್ ರೈಫಲೇ ಲೇಸೆಂಬುದು ನನ್ನ ಮತ. ನಿಕೋಲಸ್ ಬ್ರೂವರರು ರೂಪಿಸಿದ, 1958ರಲ್ಲಿ ಮಾರುಕಟ್ಟೆಗೆ ಬಂದ ಈ ಕೋವಿಯಲ್ಲಿ, ನಳಿಗೆಯನ್ನು ತಿರುಪಿ ಕೂಡಿಸುತ್ತ, ತೋಟಾ ಕೂರುವ ಎಡೆಯು ಅಳತೆಗೆ ಸರಿಹೊಂದಿದೊಡನೆಯೇ ಒಂದು ನಟ್ಟಿನಿಂದ ಬಿಗಿದುಬಿಡುವರಾದ್ದರಿಂದ, ನುರಿತ ಕೈಗಳ ದುಬಾರಿ ಶ್ರಮದಿಂದ ಸಾಧಿಸಬೇಕಾಗಿದ್ದ ಸೂಕ್ಷ್ಮತೆಯು ಸುಲಭಸಾಧ್ಯವಾಯಿತು; ಬೆಲೆಯೂ ಇಳಿಯಿತು. ತೋಟಾವನ್ನು ಒಳದೂಡಿ ಬಂಧಿಸುವ ಬೋಲ್ಟಿನ ತಲೆಯು ಪ್ರತ್ಯೇಕವಾಗಿದ್ದು ತುಸು ಅಲುಗುವುದು ದೋಷವೆಂದು ತೋರಿದರೂ, ಅದರ ಎರಡು ಹಲ್ಲುಗಳೂ ಸಮನಾಗಿ ಭಾರ ಹೊರುವುದು ಆ ಸಡಿಲಿಕೆಯಿಂದಲೇ. ಆ ನಟ್ಟು ಮಾತ್ರ ನೋಟಕ್ಕೆ ಕುರೂಪವೇ ಸರಿ! ಕಯೋಟಿಗೆ .223 ತೋಟಾ ಧಾರಾಳವಾಗಿ ಸಾಕು. ಮಿಕ್ಕ ಹಣವನ್ನು ಒಳ್ಳೆಯ ದುರ್ಬೀನಿಗೆ ವ್ಯಯಿಸತಕ್ಕದ್ದು.